ಕಲೆಯೂ ಉಪಜೀವನವೂ

(ನಿವೃತ್ತ ಚಿತ್ರಕಲಾ ಉಪಾಧ್ಯಾಯಿನಿಯಾದ ಓರ್ವ ಹಳೆ ವಿದ್ಯಾರ್ಥಿನಿಯಿಂದ)



ನೀವು ಈಗ ಕೈಯಲ್ಲಿ ಹಿಡಿದಿರುವ ಈ ಸ್ಮರಣ ಸಂಚಿಕೆಯನ್ನು ಹೊರಡಿಸುವದಕ್ಕಾಗಿ ನಮ್ಮ ಸಮಿತಿಯು ಮೂರು ಸಲ ಸಭೆ ಸೇರಿತು. ಎರಡನೆಯ ಸಭೆಯಲ್ಲಿ ಖರ್ಚಿನ ಅಂದಾಜು ಪಟ್ಟಿಯನ್ನು ಓದಿದರು. ಕಾಗದಕ್ಕೆ ಇಷ್ಟು, ಅಚ್ಚಿಗೆ ಇಷ್ಟು, ಹೊಲಿಗೆಗೂ ರಟ್ಟಿಗೂ ಇಷ್ಟು, ಬಿಡುಗಡೆಯ ದಿನದ ಚಪ್ಪರ, ಧ್ವನಿವರ್ಧಕ, ಕಾಫಿ ಫಲಾಹಾರಗಳಿಗೆ ಇಷ್ಟೆಂದು ಎಲ್ಲವೂ ಅಚ್ಚುಕಟ್ಟಾಗಿ ಬರೆಯಲ್ಪಟ್ಟಿತ್ತು. ಮುಖಪುಟದ ಚಿತ್ರ ಎಂಬ ಸಾಲಿನ ಎದುರಿನಲ್ಲಿ ಮಾತ್ರ ಅಂಕೆ ಇರಲಿಲ್ಲ. “ಸೇವಾರ್ಥ” ಎಂಬ ಒಂದು ಶಬ್ದವಿತ್ತು.

ಚಿತ್ರವನ್ನು ಬರೆಯಲೊಪ್ಪಿದವಳು ಕಾರ್ಕಳದ ಕಡೆಯ ಒಬ್ಬ ಹಳೆ ವಿದ್ಯಾರ್ಥಿನಿ. ನನ್ನ ಕೈಕೆಳಗೆ ಮೂರು ವರ್ಷ ಕಲಿತು, ಮುಂದೆ ಮೈಸೂರಿನಲ್ಲಿ ಚಿತ್ರಕಲೆಯ ಪದವಿ ಪಡೆದು, ಈಗ ಮಣಿಪಾಲದಲ್ಲಿ ಒಂದು ಬಾಡಿಗೆಯ ಕೋಣೆಯಲ್ಲಿದ್ದುಕೊಂಡು ಇದೇ ಕಸಬಿನಿಂದ ಹೊಟ್ಟೆ ಹೊರೆಯುತ್ತಾಳೆ. ಅವಳನ್ನು ದೂರವಾಣಿಯಲ್ಲಿ ಕೇಳಿದಾಗ, “ನಮ್ಮ ಶಾಲೆಯಲ್ಲವೇ ಟೀಚರ್, ಮಾಡಿಕೊಡುತ್ತೇನೆ” ಎಂದಳಂತೆ. ಅವಳ ದೊಡ್ಡತನವು ಸರಿಯೇ. ಆದರೆ ಅಚ್ಚುಕೂಟದ ಯಜಮಾನರ ಮಗಳೂ ನಮ್ಮ ಶಾಲೆಯಲ್ಲೇ ಓದಿದವಳಲ್ಲವೆ? ಅವರನ್ನು “ನಿಮ್ಮದೂ ಶಾಲೆಯಲ್ಲವೇ, ಸೇವಾರ್ಥವಾಗಿ ಅಚ್ಚು ಹಾಕಿಕೊಡಿ” ಎಂದು ಕೇಳಲು ನಮ್ಮಲ್ಲಿ ಒಬ್ಬರಿಗೂ ನಾಲಿಗೆ ಏಳಲಿಲ್ಲ. ಈ ಮಾತನ್ನು ನಾನು ಸಭೆಯಲ್ಲಿ ಆಡಿದೆನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಒಬ್ಬರು, “ಅವಳಿಗೇನು ಕಷ್ಟ? ಕೂತಲ್ಲಿ ಗೀಚಿ ಕೊಡುವಳು” ಎಂದರು. ಸಮಿತಿಯ ಕಿರಿಯ ಸದಸ್ಯೆಯೊಬ್ಬಳು, ಈಗ ಮೊಬೈಲಿನಲ್ಲಿ ಎರಡು ಸಾಲು ಬರೆದರೆ ಯಂತ್ರವೇ ಕ್ಷಣಮಾತ್ರದಲ್ಲಿ ಚಿತ್ರ ಬರೆದುಕೊಡುವದೆಂದೂ ಅದಕ್ಕೆ ಕಾಸಿನ ಖರ್ಚಿಲ್ಲವೆಂದೂ ತಿಳಿಸಿದಳು. ವಿಷಯವು ಮೂರನೆಯ ಸಭೆಗೆ ಮುಂದೂಡಲ್ಪಟ್ಟಿತು. ಸಂಪಾದಕಿಯವರು ನನ್ನ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಅಪ್ಪಣೆ ಮಾಡಿದ್ದರಿಂದ ಈ ಲೇಖನ.

ಮೊದಲಾಗಿ ತಂದೆತಾಯಿಗಳ ಕಡೆಯ ಮಾತನ್ನೇ ಎತ್ತಿಕೊಳ್ಳುತ್ತೇನೆ. ಯಾಕಂದರೆ ಅವರ ಭಯವು ಸುಳ್ಳಲ್ಲ. ಒಂದು ಮೇ ತಿಂಗಳಲ್ಲಿ ಕಾಪುವಿನಿಂದ ಒಬ್ಬ ತಾಯಿ ತನ್ನ ಮಗಳನ್ನು ಕರಕೊಂಡು ನನ್ನ ಮನೆಗೆ ಬಂದರು. ಮನೆಯ ಯಜಮಾನರು ಮೀನುಗಾರಿಕೆಯ ದೋಣಿಯಲ್ಲಿ ದುಡಿಯುವವರು. ಹುಡುಗಿ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದಳು. “ಟೀಚರೇ, ಇವಳಿಗೆ ನೀವೇ ಬುದ್ಧಿ ಹೇಳಬೇಕು. ಕಾಮರ್ಸ್ ತಕ್ಕೊಂಡು ಬ್ಯಾಂಕಿನ ಪರೀಕ್ಷೆ ಕಟ್ಟಿದರೆ ಒಂದು ದಾರಿ ಆಗ್ತದೆ. ಇವಳು ಚಿತ್ರ, ಚಿತ್ರ ಅಂತಾಳೆ. ಚಿತ್ರ ಬರೆದರೆ ಅನ್ನ ಹುಟ್ಟುತ್ತದಾ?” ಎಂದು ಕೇಳಿದರು. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಆ ಪ್ರಶ್ನೆಗೆ ನಾನು ಹೌದೆಂದು ಹೇಳಲಾರದೆ ಹೋದೆನು. ಇಲ್ಲವೆಂದೂ ಹೇಳಲಿಲ್ಲ. ಚಹಾ ಮಾಡಿ ತರುತ್ತೇನೆಂದು ಅಡಿಗೆಯ ಕೋಣೆಗೆ ಹೋಗಿ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಂತೆನು.

ನನ್ನ ಸ್ವಂತ ಅನುಭವವು ಆ ತಾಯಿಯ ಪಕ್ಷದ್ದೇ ಆಗಿತ್ತು. ನಾನು ಸೇವೆಗೆ ಸೇರಿದ ಮೊದಲ ಒಂಬತ್ತು ವರ್ಷ ವಾರದ ಆರು ದಿನಗಳಲ್ಲಿ ಮೂರು ಶಾಲೆಗಳಿಗೆ ಓಡಾಡಿ ಚಿತ್ರ ಕಲಿಸಿದೆನು. ನನಗೆ ಸಿಕ್ಕಿದ್ದು ಸಂಬಳವಲ್ಲ, ಗೌರವಧನ. ಬಸ್ಸಿನ ಟಿಕೇಟಿನ ಹಣವನ್ನು ಕಳೆದು ನೋಡಿದರೆ ಅದರಲ್ಲಿ ಗೌರವವು ಉಳಿಯುತ್ತಿತ್ತೇ ಹೊರತು ಧನವು ಉಳಿಯುತ್ತಿರಲಿಲ್ಲ. ಆ ಕಾಲದಲ್ಲಿ ಒಂದು ದೊಡ್ಡ ಮನೆಯವರು ತೀರಿಹೋದ ತಮ್ಮ ಹಿರಿಯರ ತೈಲಚಿತ್ರವನ್ನು ಬರೆಯಲು ನನಗೆ ಹೇಳಿದರು. ಹಳೆಯ, ಮಸುಕಾದ ಒಂದು ಫೋಟೋ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ನಲುವತ್ತು ದಿನ, ಹೆಚ್ಚಾಗಿ ರಾತ್ರಿ ಹೊತ್ತು, ಕೂತು ಬರೆದೆನು. ಚಿತ್ರವನ್ನು ಕಂಡು ಮನೆಯ ಹೆಂಗಸರು ಕಣ್ಣೊರಸಿಕೊಂಡರು. ಅದು ನನಗೆ ಸಿಕ್ಕಿದ ದೊಡ್ಡ ಬಹುಮಾನವೆಂದೇ ಆಗ ತಿಳಿದೆನು. ಚೌಕಟ್ಟು ಕಟ್ಟಿದವನಿಗೆ ಅದೇ ದಿನ ಹಣ ಕೊಟ್ಟು ಕಳುಹಿಸಿದರು. ನನಗೆ, “ಬಣ್ಣಕ್ಕೆ ಎಷ್ಟಾಯಿತು ಅಂತ ಹೇಳಿ ಟೀಚರೇ, ಕೊಟ್ಟುಬಿಡುವಾ” ಎಂದರು. ಬಣ್ಣದ ಕ್ರಯವನ್ನು ಹೇಳಿದೆನು, ಅದನ್ನೇ ತಕ್ಕೊಂಡು ಬಂದೆನು. ಅವರ ಮೇಲೆ ನಾನು ದೂರು ಹೇಳುವದಿಲ್ಲ. ಕೇಳತಕ್ಕದ್ದನ್ನು ಕೇಳದೆ ಬಂದವಳು ನಾನು. ಕೇಳಬಾರದೆಂದು ನನಗೆ ಕಲಿಸಿದವರು ಯಾರೆಂಬದೇ ಈ ಲೇಖನದ ವಿಷಯ.

ಕಲಾವಿದನಿಗೆ ಬಡತನವು ಹುಟ್ಟುಬಳುವಳಿ ಎಂದೂ ಹಸಿದ ಹೊಟ್ಟೆಯಿಂದಲೇ ಉತ್ತಮ ಕಲೆಯು ಹೊರಡುವದೆಂದೂ ನಮ್ಮಲ್ಲಿ ಒಂದು ನಂಬಿಕೆ ಉಂಟು. ಅದಕ್ಕೆ ನಾವು ಹೆಚ್ಚಾಗಿ ಕೊಡುವ ಉದಾಹರಣೆ ನಮ್ಮದೇ ಸೀಮೆಯ ನಂದಳಿಕೆಯ ಲಕ್ಷ್ಮೀನಾರಣಪ್ಪನವರದು. ಮುದ್ದಣನೆಂಬ ಹೆಸರಿನಿಂದ ಅವರು ಪ್ರಸಿದ್ಧರು. 1870ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ಮಕ್ಕಳಿಗೆ ಅಂಗಸಾಧನೆಯನ್ನು ಕಲಿಸುವ ಉಪಾಧ್ಯಾಯರಾಗಿ, ತನ್ನ ಹೆಸರನ್ನು ಮರೆಮಾಡಿ “ಅದ್ಭುತ ರಾಮಾಯಣ”, “ಶ್ರೀರಾಮ ಪಟ್ಟಾಭಿಷೇಕ”, “ಶ್ರೀರಾಮಾಶ್ವಮೇಧ”ಗಳನ್ನು ಬರೆದು, 1901ರಲ್ಲಿ ಕ್ಷಯರೋಗದಿಂದ ತೀರಿಹೋದಾಗ ಅವರಿಗೆ ಮೂವತ್ತೊಂದೇ ವಯಸ್ಸು. ಆ ಬಡತನವನ್ನು ನಾವು ಸಭೆಗಳಲ್ಲಿ ಬಹಳ ಇಂಪಾಗಿ ವರ್ಣಿಸುತ್ತೇವೆ. ಆದರೆ ಆ ಕಾವ್ಯಗಳನ್ನು ಬರೆಯಿಸಿದ್ದು ಬಡತನವೋ? ನನಗೆ ಹಾಗೆ ತೋರುವದಿಲ್ಲ. ಎಷ್ಟೇ ಅಲ್ಪವಾದರೂ ತಿಂಗಳು ತಿಂಗಳು ಬರುತ್ತಿದ್ದ ಶಾಲೆಯ ಸಂಬಳವು ಆ ಮನೆಯ ದೀಪಕ್ಕೆ ಎಣ್ಣೆಯಾಯಿತು. ಬಡತನವು ಮಾಡಿದ್ದು ಆ ದೀಪವನ್ನು ಬೇಗನೆ ನಂದಿಸಿದ್ದಷ್ಟೇ. ಇನ್ನು ಮೂವತ್ತು ವರ್ಷ ಅವರು ಉಳಿದಿದ್ದರೆ ಕನ್ನಡಕ್ಕೆ ಏನೇನು ಸಿಗುತ್ತಿತ್ತೋ!

ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರನ್ನು ನೋಡಿರಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1940ರಿಂದ 1945ರ ತನಕ ಅಲ್ಲಿಯೇ ಅಧ್ಯಾಪಕರಾಗಿದ್ದರು. ಲೋಕವೇ ಕೊಂಡಾಡಿದ ಆ ಚಿತ್ರಕಾರರೂ ಕಲಿಸುವ ಕೆಲಸದಿಂದ ಅನ್ನ ಕಂಡುಕೊಂಡ ವರ್ಷಗಳು ಇದ್ದವು. ಅದರಿಂದ ಅವರ ಕುಂಚಕ್ಕೆ ಯಾವ ಕುಂದೂ ಬರಲಿಲ್ಲ. 1989ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂತು. ಅವರ ಮಗಳು ರೇಖಾ ರಾವ್ ಅವರೂ ಚಿತ್ರಕಾರ್ತಿಯೇ ಆದರು. ಆದಕಾರಣ, ಬೇರೊಂದು ಉದ್ಯೋಗದ ಆಸರೆಯಿಂದ ಕಲೆಯನ್ನು ಸಾಕುವವಳನ್ನು “ಅರ್ಧ ಕಲಾವಿದೆ” ಎಂದು ಹೀಯಾಳಿಸುವವರ ಮಾತಿಗೆ ನಮ್ಮ ಹೆಣ್ಣುಮಕ್ಕಳು ಕಿವಿಗೊಡಬಾರದು.

ಎಲ್ಲಾ ಕಲೆಗಳ ಪಾಡು ಒಂದೇ ಅಲ್ಲವೆಂಬದನ್ನೂ ಹೇಳಬೇಕು. ಕಾರ್ಕಳದ ಕಲ್ಲುಕೆತ್ತನೆಯು ಇದಕ್ಕೆ ಸಾಕ್ಷಿ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನನ್ನು ನಮ್ಮ ಮಕ್ಕಳು ಪ್ರವಾಸದಲ್ಲಿ ನೋಡಿ ಬರುತ್ತಾರೆ. ಆದರೆ ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಅದೇ ಕಾರ್ಕಳದಲ್ಲಿ, ರೆಂಜಾಳ ಗೋಪಾಲ ಶೆಣೈಯವರು ನಮ್ಮ ಕಾಲದಲ್ಲೇ, 1967ರಿಂದ 1973ರ ವರೆಗೆ, ಏಕಶಿಲೆಯಲ್ಲಿ ಕಡೆದರೆಂಬದನ್ನು ಎಷ್ಟು ಮಕ್ಕಳು ಬಲ್ಲರು? ಶಿಲ್ಪಿಯು ಉಳಿಯನ್ನು ಎತ್ತುವ ಮೊದಲೇ ಅಳತೆ ಗೊತ್ತಾಗುವದು, ದರ ಗೊತ್ತಾಗುವದು, ಮುಂಗಡ ಕೈಸೇರುವದು. “ಕಲ್ಲಿಗೆ ಎಷ್ಟಾಯಿತೆಂದು ಹೇಳಿ, ಕೊಟ್ಟುಬಿಡುತ್ತೇವೆ” ಎಂದು ಶಿಲ್ಪಿಯ ಹತ್ತಿರ ಯಾರೂ ಹೇಳುವದಿಲ್ಲ. ಕಾಪುವಿನ ಹೊಸ ಮಾರಿಗುಡಿಯು ಕೆಂಪು ಶಿಲೆಯಲ್ಲಿ ಹೊಸದಾಗಿ ಎದ್ದು 2025ರಲ್ಲಿ ಪೂರ್ಣವಾದಾಗ ಎಷ್ಟು ಕೈಗಳಿಗೆ ಕೆಲಸ ಸಿಕ್ಕಿರಬೇಕೆಂಬದನ್ನು ಆ ಕಂಬಗಳನ್ನು ನೋಡಿದವರೇ ಊಹಿಸಬಹುದು. ಕಾರ್ಕಳದ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ನಡೆಯುವ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹಗಳ ಕೆಲಸವನ್ನು ಶುಲ್ಕವಿಲ್ಲದೆ ಕಲಿಸುತ್ತಾರೆ. ಬಡ ಮನೆಯ ಮಕ್ಕಳಿಗೆ ಇದು ದೊಡ್ಡ ಉಪಕಾರ. ಕಲ್ಲಿನ ಕೆಲಸಕ್ಕೆ ಕೂಲಿ ಇದ್ದು ಕಾಗದದ ಕೆಲಸಕ್ಕೆ ಯಾಕಿಲ್ಲ? ಭಾರವಾದ ವಸ್ತುವಿಗೆ ಬೆಲೆ ಕಟ್ಟುವದು ನಮಗೆ ಸುಲಭವೆಂದು ತೋರುತ್ತದೆ.

ಬರೇ ಬೇಡಿಕೆಯ ಬಲದಿಂದ ನಿಂತ ಕಲೆಯೂ ಅದು ತಪ್ಪಿದರೆ ಬೀಳುವದು. ಉಡುಪಿಯ ಪೇಟೆಯ ಅಂಗಡಿಗಳ ಹಲಗೆಗಳನ್ನು, ನಾಟಕದ ಪರದೆಗಳನ್ನು ಕೈಯಿಂದ ಬರೆಯುತ್ತಿದ್ದವರು ನನ್ನ ಚಿಕ್ಕಂದಿನಲ್ಲಿ ಬೀದಿ ಬೀದಿಗೂ ಇದ್ದರು. ಅಕ್ಷರದ ನೆರಳನ್ನು ಎಳೆಯುವದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಅಂಥ ಒಬ್ಬರ ಏಣಿಯ ಬುಡದಲ್ಲಿ ನಿಂತು. ಫ್ಲೆಕ್ಸ್ ಎಂಬ ಅಚ್ಚಿನ ಬಟ್ಟೆಯು ಬಂದ ಕೆಲವೇ ವರ್ಷಗಳಲ್ಲಿ ಆ ಏಣಿಗಳೆಲ್ಲಾ ಅಟ್ಟ ಸೇರಿದವು. ಈಗ ಚಿತ್ರ ಬರೆಯುವ ಯಂತ್ರವು ಬಂದಿರುವದರಿಂದ, ಪುಸ್ತಕಗಳಿಗೂ ಜಾಹೀರಾತುಗಳಿಗೂ ಚಿತ್ರ ಬರೆದು ಬದುಕುವ ಹುಡುಗ ಹುಡುಗಿಯರ ಏಣಿಯೂ ಅಲ್ಲಾಡುತ್ತಿದೆ. ನಮ್ಮ ಸಮಿತಿಯ ಕಿರಿಯಳು ಹೇಳಿದ ಮಾತು ಅವಳಿಗೆ ತಮಾಷೆಯದಾಗಿತ್ತು; ಮಣಿಪಾಲದ ಆ ಬಾಡಿಗೆಯ ಕೋಣೆಯಲ್ಲಿ ಅದು ತಮಾಷೆಯಲ್ಲ.

ಇಲ್ಲಿ ನಮ್ಮ ಜಿಲ್ಲೆಯ ಒಂದು ಹಳೆಯ ಸಂಗತಿಯನ್ನು ಜ್ಞಾಪಿಸಬೇಕೆಂದಿದ್ದೇನೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಬಳಿಕ, ತಮ್ಮನ್ನು ಸೇರಿದ್ದರಿಂದ ಹಿಂದಿನ ಕಸಬನ್ನು ಕಳಕೊಂಡವರಿಗೆ ಏನು ಕೆಲಸ ಕೊಡುವದೆಂದು ಬಹಳ ಯೋಚಿಸಿದರು. ಗಡಿಯಾರದ ಕೆಲಸ, ಬೇಸಾಯ ಮುಂತಾದವುಗಳನ್ನು ಮಾಡಿ ನೋಡಿದರು. ಅವು ಹೆಚ್ಚು ಕಾಲ ನಿಲ್ಲಲಿಲ್ಲ. 1851ರಲ್ಲಿ ಹಾಲರರು ಆರಂಭಿಸಿದ ನೇಯ್ಗೆಯೂ 1865ರಲ್ಲಿ ಆರಂಭವಾದ ಹಂಚಿನ ಕೆಲಸವೂ ನಿಂತವು. ಯಾಕೆ? ಸೀರೆಯನ್ನೂ ಅಂಗಿಯ ಬಟ್ಟೆಯನ್ನೂ ಹಂಚನ್ನೂ ಕೊಳ್ಳುವವರು ಇದ್ದರು. ಕೈಗೆ ಚಮತ್ಕಾರವಿದ್ದರೆ ಸಾಲದು, ಕೊಳ್ಳುವ ಕೈಯೊಂದು ಎದುರಿಗೆ ಬೇಕು ಎಂಬದು ಆ ಹಿರಿಯರಿಗೆ ನಷ್ಟದ ಮೂಲಕ ತಿಳಿಯಿತು.

ಕೊಳ್ಳುವ ಕೈಗಳು ಕಡಿಮೆಯಾದಾಗ ಏನಾಗುವದೆಂಬದಕ್ಕೆ ನಮ್ಮ ನೇಕಾರರ ಚರಿತ್ರೆಯೇ ಉಂಟು. ಮಗ್ಗದವರು ಕಷ್ಟಕ್ಕೆ ಬಿದ್ದಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಎಂಬ ಮೂವರು ಸೇರಿ ಉಡುಪಿಯಲ್ಲಿ 8,000 ರೂಪಾಯಿಯ ಮೂಲಧನದಿಂದ ಒಂದು ಚಿಕ್ಕ ಬ್ಯಾಂಕನ್ನು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಕೂಡಿಹೋಯಿತು. 1928ರಲ್ಲಿ ಆ ಬ್ಯಾಂಕಿನವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ದಿನವೂ ಮನೆಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನಾದರೂ ಕೂಡಿಸಿಕೊಳ್ಳುವ ಪದ್ಧತಿಯದು. ತಿಂಗಳ ಸಂಬಳವಿಲ್ಲದವರಿಗೂ, ಇಂದು ಇದ್ದು ನಾಳೆ ಇಲ್ಲದ ಸಂಪಾದನೆಯವರಿಗೂ ಅದು ಹೇಳಿಮಾಡಿಸಿದಂತಿತ್ತು. ಇಷ್ಟಾದರೂ ಮಗ್ಗಗಳು ಒಂದೊಂದಾಗಿ ನಿಂತವು, ಯಾಕಂದರೆ ಸೀರೆಯೊಂದಕ್ಕೆ ಸಿಗುವ ಕೂಲಿಯಲ್ಲಿ ಮನೆ ನಡೆಯಲಿಲ್ಲ. ನೇಕಾರರ ಮಕ್ಕಳು ಬೇರೆ ಕೆಲಸಗಳಿಗೆ ಹೋದರು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕಾರ್ಕಳದ ಕದಿಕೆ ಟ್ರಸ್ಟಿನವರು ತಾಳಿಪಾಡಿಯ ನೇಕಾರರ ಸೊಸೈಟಿಯೊಡನೆ ಸೇರಿ ಈ ಸೀರೆಯನ್ನು ಮತ್ತೆ ಎಬ್ಬಿಸಲು ದುಡಿಯುತ್ತಿದ್ದಾರೆ. ನಮ್ಮ ಹಳೆ ವಿದ್ಯಾರ್ಥಿನಿಯರ ಸಮ್ಮೇಲನಕ್ಕೆ ಪ್ರತಿ ವರ್ಷವೂ ಒಂದೇ ಬಣ್ಣದ ಸೀರೆಗಳನ್ನು ದೂರದ ಊರಿನಿಂದ ತರಿಸುತ್ತೇವಷ್ಟೆ. ಈ ಮಾತನ್ನು ಇಷ್ಟಕ್ಕೇ ಬಿಡುತ್ತೇನೆ.

ಕಾಪುವಿನ ಆ ತಾಯಿಗೆ ನಾನು ಕೊನೆಗೆ ಹೇಳಿದ್ದು ಈ ಪಿಗ್ಮಿಯ ಮಾತನ್ನೇ. ಜೂನ್ ಒಂದರಿಂದ ಜುಲೈ ಮುಗಿಯುವ ತನಕ ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂಬ ಕಾನೂನುಂಟು. “ಆ ಎರಡು ತಿಂಗಳು ನಿಮ್ಮ ಮನೆ ಹೇಗೆ ನಡೆಯುತ್ತದಮ್ಮಾ?” ಎಂದು ಕೇಳಿದೆನು. “ಹಾಗೆ ಕೇಳಿದರೆ? ಮೀನು ಬಂದಾಗ ದಿನಕ್ಕೆ ಇಷ್ಟು ಅಂತ ಕಟ್ಟಿ ಇಡುತ್ತೇವೆ. ನಾನು ಮಲ್ಲಿಗೆ ಕಟ್ಟುತ್ತೇನೆ. ಅಕ್ಕಿ ಮೊದಲೇ ತಂದಿಡುತ್ತೇವೆ” ಎಂದರು. ನಾನೆಂದೆನು: “ನಿಮ್ಮ ಮಗಳಿಗೆ ಕಲಿಸಬೇಕಾದದ್ದು ಅದನ್ನೇ. ಅದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ.” ಯಕ್ಷಗಾನದವರ ಬಾಳೂ ಹೀಗೆಯೇ ಅಲ್ಲವೆ? ನವೆಂಬರದಿಂದ ಮೇಳಗಳು ಹೊರಡುತ್ತವೆ. ಮೇ ಕೊನೆಯ ಹತ್ತನಾವಧಿಗೆ ಗೆಜ್ಜೆ ಬಿಚ್ಚಬೇಕು. ಮಳೆಗಾಲದಲ್ಲಿ ಕೆಲವರು ಬೆಂಗಳೂರು, ಮುಂಬಯಿಗಳಿಗೆ ಹೋಗಿ ಆಡುತ್ತಾರೆ, ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆಯ ಹೊತ್ತು ಮನೆ ಮನೆಗೆ ಹೋಗುತ್ತಾರೆ, ಕೆಲವರು ಹೊಲದ ಕೆಲಸಕ್ಕೂ ಹೋಟೇಲಿಗೂ ಹೋಗುತ್ತಾರೆ. 2020ರ ಮಾರ್ಚಿಯಲ್ಲಿ ಕೊರೋನಾ ರೋಗದ ನಿಮಿತ್ತ ಆಟಗಳೆಲ್ಲಾ ತಟಕ್ಕನೆ ನಿಂತಾಗ, ತಿರುಗಾಟದ ಉತ್ತಮ ಕಾಲವು ಅವರ ಕೈಯಿಂದ ಜಾರಿತು. ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗವು ಕಲಾವಿದರಿಗೆ ವಿಮೆ, ಮನೆ, ಮಕ್ಕಳ ವಿದ್ಯಾಭ್ಯಾಸ ಎಂದು ಮಾಡುತ್ತಾ ಬಂದಿರುವ ಕೆಲಸವು ನಮಗೊಂದು ಪಾಠ. ರಂಗದ ಮೇಲೆ ಕಿರೀಟ ಇಟ್ಟವನಿಗೆ ಕೆಳಗಿಳಿದ ಮೇಲೆ ಒಂದು ಸೂರು ಬೇಕೆಂಬದನ್ನು ಅವರು ಚಪ್ಪಾಳೆಯ ಸದ್ದಿನಲ್ಲಿ ಮರೆಯಲಿಲ್ಲ. ಚಿತ್ರ ಬರೆಯುವವರಿಗೆ, ಹಾಡು ಕಲಿಸುವವರಿಗೆ ಇಂಥ ಗಟ್ಟಿ ಆಸರೆಗಳು ವಿರಳ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತುಂಟು. ನಮ್ಮ ಮನೆಗಳಲ್ಲಿ ಚಿತ್ರ ಬರುವ ಹುಡುಗಿಗೆ ಕೆಲಸಕ್ಕೇನೂ ಕೊರತೆಯಿಲ್ಲ. ಅತ್ತೆಯ ಮಗಳ ಮದುವೆಗೆ ಅವಳೇ ರಂಗೋಲಿ ಹಾಕಬೇಕು, ಸಂಡೇ ಸ್ಕೂಲಿನ ಗೋಡೆಗೆ ಅವಳೇ ಬಣ್ಣ ಹಚ್ಚಬೇಕು, ನೆರೆಮನೆಯ ಮಗುವಿನ ಶಾಲೆಯ ಪ್ರಾಜೆಕ್ಟಿಗೂ ಅವಳೇ ಬೇಕು. ಎಲ್ಲವೂ ಪ್ರೀತಿಯ ಲೆಕ್ಕ. ಅದೇ ಪ್ರೀತಿಯ ಲೆಕ್ಕದಲ್ಲಿ ಅವಳ ಅಣ್ಣನನ್ನು ಯಾರದಾದರೂ ಮನೆಯ ವಿದ್ಯುತ್ ತಂತಿ ಎಳೆಯಲು ಕರೆದರೆ ಸಂಜೆ ಅವನ ಜೇಬಿಗೆ ಒಂದು ನೋಟು ಬೀಳುವದು. ಮದುಮಗಳ ಕೈಗೆ ಮೆಹಂದಿ ಹಾಕುವವರು ಮಾತ್ರ ಈಗ ದರ ಹೇಳಿ, ಮುಂಗಡ ಪಡೆದು, ಗಳಿಗೆ ನೋಡಿ ಬಂದು ಹೋಗುತ್ತಾರೆ. ಒಂದು ಮದುವೆಯ ಕಾಲದಲ್ಲಿ ಅವರು ಗಳಿಸುವದು ನನ್ನ ಹಿಂದಿನ ಒಂದು ವರ್ಷದ ಗೌರವಧನಕ್ಕಿಂತ ಹೆಚ್ಚೆಂದು ಕೇಳಿ ನಾನು ಮೊದಲು ಹೊಟ್ಟೆಕಿಚ್ಚುಪಟ್ಟೆನು, ಬಳಿಕ ಅವರಿಂದ ಕಲಿಯತಕ್ಕದ್ದುಂಟೆಂದು ಒಪ್ಪಿದೆನು. ಗಂಡಸರದೇ ಆಗಿದ್ದ ತಿರುಗಾಟದ ಮೇಳಗಳಲ್ಲಿ ಭಾಗವತಿಕೆ ಮಾಡಿ ಕಸಬಿನ ಕಲಾವಿದೆಯಾಗಿ ನಿಂತ ಲೀಲಾವತಿ ಬೈಪಡಿತ್ತಾಯರು 2024ರಲ್ಲಿ ತೀರಿಹೋದರು. ಮದ್ದಳೆಗಾರರಾದ ಅವರ ಪತಿಯು ಅವರೊಡನೆ ನಿಂತಿದ್ದರೆಂಬದನ್ನು ಮದುವೆಯಾಗಲಿರುವ ಗಂಡುಮಕ್ಕಳ ತಂದೆತಾಯಿಗಳು ಓದಿ ತಿಳಿಯಲಿ. ಐನೂರು ವರ್ಷಗಳ ಹಿಂದೆ ಜರ್ಮನ್ ದೇಶದ ಡ್ಯೂರರ್ ಎಂಬ ಮಹಾ ಚಿತ್ರಕಾರನ ಅಚ್ಚಿನ ಚಿತ್ರಗಳನ್ನು ಸಂತೆಗೆ ಹೊತ್ತು ಮಾರಿ ಹಣ ತಂದವಳು ಅವನ ಹೆಂಡತಿ ಆಗ್ನೆಸ್. ಬರೆಯುವವಳು ಹೆಣ್ಣಾದರೆ ಅವಳ ಚಿತ್ರವನ್ನು ಸಂತೆಗೆ ಒಯ್ಯುವವರು ಯಾರು?

ಶಾಲು ಹೊದಿಸುವ ನಮ್ಮ ಪದ್ಧತಿಯ ವಿಷಯವಾಗಿ ಬರೆಯದಿರಲಾರೆನು. ಹಾರ, ಹಣ್ಣುಹಂಪಲು, ಶಾಲು, ಗಾಜಿನ ಪೆಟ್ಟಿಗೆಯಲ್ಲಿಟ್ಟ ನೆನಪಿನ ಕಾಣಿಕೆ ಇವುಗಳಿಗೆ ಮಾಡುವ ಖರ್ಚನ್ನು ಕೂಡಿಸಿ ಒಂದು ಲಕೋಟೆಯಲ್ಲಿಟ್ಟು ಕೊಟ್ಟರೆ ಕಲಾವಿದೆಯೊಬ್ಬಳ ಒಂದು ತಿಂಗಳ ಬಾಡಿಗೆಗೆ ಆಧಾರವಾದೀತು. ನನ್ನ ಕಪಾಟಿನಲ್ಲಿ ಈಗ ಹದಿನೇಳು ಶಾಲುಗಳಿವೆ. ಉಡುಪಿಯ ಸೆಕೆಯಲ್ಲಿ ಒಂದನ್ನಾದರೂ ಹೊದ್ದವಳಲ್ಲ. ಸರಕಾರವು ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಅದು ಒಳ್ಳೆಯದೇ. ಆದರೆ ಮುಪ್ಪಿನ ತನಕ ಹೇಗಾದರೂ ಬದುಕಿ ಬಂದವರಿಗೆ ಮಾತ್ರ ಅದು ಸಿಗುವದಷ್ಟೆ. ಐರ್ಲೆಂಡ್ ದೇಶದವರು 2022ರಲ್ಲಿ ಬೇರೊಂದು ಪ್ರಯೋಗವನ್ನು ಆರಂಭಿಸಿದರು: ಎರಡು ಸಾವಿರ ಮಂದಿ ಕಲಾವಿದರಿಗೆ, ದುಡಿಯುವ ವಯಸ್ಸಿನಲ್ಲೇ, ವಾರಕ್ಕೆ 325 ಯೂರೋದಂತೆ ಕೊಟ್ಟು ನೋಡಿದರು. ನಮ್ಮ ಸಮಿತಿಯಿಂದ ಅಷ್ಟು ದೊಡ್ಡ ಕೆಲಸ ಆಗುವದೆಂದು ನಾನು ಹೇಳುವದಿಲ್ಲ. ಒಂದು ಮುಖಪುಟದ ಮಾತನ್ನಷ್ಟೇ ನಾನು ಎತ್ತಿರುವದು.

ಚಿತ್ರ ಬರುವ ಪ್ರತಿಯೊಬ್ಬ ಹುಡುಗಿಯೂ ಅದನ್ನೇ ಕಸಬಾಗಿ ಹಿಡಿಯಬೇಕೆಂದು ನನ್ನ ಮತವಲ್ಲ. ನನ್ನ ಬಳಿಗೆ ಬಂದ ಅನೇಕರಿಗೆ ಬೇಡವೆಂದೇ ಹೇಳಿದ್ದೇನೆ. ಆದರೆ ಹಿಡಿದವಳಿಗೆ ಚಿತ್ರದೊಡನೆ ಲೆಕ್ಕವನ್ನೂ ಕಲಿಸದೆ ಬಿಟ್ಟದ್ದು ನಮ್ಮ ತಪ್ಪು, ಅದರಲ್ಲಿ ಚಿತ್ರದ ಟೀಚರಾದ ನನ್ನ ಪಾಲು ಹೆಚ್ಚು. ನೆರಳು ಬೆಳಕು, ದೂರ ಹತ್ತಿರ ಎಂದೆಲ್ಲಾ ಕಲಿಸಿದೆನು. ಕೆಲಸ ಹಿಡಿಯುವ ಮೊದಲು ದರವನ್ನು ಬರೆದುಕೊಡಬೇಕು, ಅರ್ಧ ಹಣ ಮುಂಗಡ ಕೇಳಬೇಕು, ಎಷ್ಟು ದಿನ ಕೂತೆನೆಂದು ಗುರುತು ಹಾಕಿಡಬೇಕು, ಹಣ ಬಂದ ತಿಂಗಳಿನಲ್ಲಿ ಬಾರದ ತಿಂಗಳಿಗಾಗಿ ತೆಗೆದಿಡಬೇಕು ಎಂಬದನ್ನು ಒಂದು ದಿನವೂ ಕಲಿಸಲಿಲ್ಲ. ಹೊಲಿಗೆಯ ತರಗತಿಯಲ್ಲಿ ನಮ್ಮ ಹಿರಿಯ ಟೀಚರರು ಕಸೂತಿಯ ಮೇಜುಬಟ್ಟೆಗಳಿಗೆ ಚೀಟಿ ಹಚ್ಚಿ, ದಾರದ ಕ್ರಯವೆಷ್ಟು, ಹುಡುಗಿಯ ಕೆಲಸವೆಷ್ಟು ಎಂದು ಬೇರೆ ಬೇರೆಯಾಗಿ ಬರೆಯಿಸಿ ಮಾರಾಟಕ್ಕಿಡುತ್ತಿದ್ದರು. ನಾವು ಆಗ ಅದನ್ನು ಕಂಜೂಸುತನವೆಂದು ನಗುತ್ತಿದ್ದೆವು.

ಹುಡುಗಿಯು ಕಾಮರ್ಸ್ ತೆಗೆದುಕೊಂಡಳೆಂದು ಕಾಪುವಿನ ಆ ತಾಯಿ ಆಮೇಲೆ ತಿಳಿಸಿದರು. ನನಗೆ ದುಃಖವಾಯಿತೇ ಎಂದು ಕೇಳಿದರೆ, ಸ್ವಲ್ಪ ಆಯಿತು. ಆದರೆ ಶನಿವಾರಗಳಲ್ಲಿ ಅವಳು ನನ್ನ ಮನೆಗೆ ಬರುತ್ತಾಳೆ. ಕಳೆದ ವರ್ಷ ಊರಿನ ಒಂದು ಹೋಟೇಲಿನ ಗೋಡೆಯ ಮೇಲೆ ದೀಪಸ್ತಂಭದ ಚಿತ್ರ ಬರೆಯಲು ಅವಳನ್ನು ಕೇಳಿದಾಗ, ತಾಯಿಯೇ ಜೊತೆಗೆ ಹೋಗಿ ಚೌಕಾಸಿ ಮಾಡಿ, ಮೀನಿನ ಹರಾಜಿನಲ್ಲಿ ನಿಂತವರ ಗಟ್ಟಿತನದಿಂದ ಮುಂಗಡ ವಸೂಲು ಮಾಡಿಕೊಂಡು ಬಂದರಂತೆ. ಪ್ರತಿ ಜನವರಿಯಲ್ಲಿ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನವರು ನಡೆಸುವ ಚಿತ್ರಸಂತೆಗೆ ತಾಯಿ ಮಗಳಿಬ್ಬರೂ ಒಮ್ಮೆ ಹೋಗಬೇಕೆಂದಿದ್ದಾರೆ.

ಇನ್ನು ನಮ್ಮ ಮುಖಪುಟದ ಸಂಗತಿ. ಮೂರನೆಯ ಸಭೆಯಲ್ಲಿ ಒಂದು ಗಂಟೆ ಚರ್ಚೆಯಾಗಿ, ಬಿಡುಗಡೆಯ ದಿನದ ಶಾಲುಗಳನ್ನೂ ನೆನಪಿನ ಕಾಣಿಕೆಗಳನ್ನೂ ಪಟ್ಟಿಯಿಂದ ತೆಗೆದು, ಆ ಹಣವನ್ನು ಚಿತ್ರಕ್ಕೆ ಕೊಡುವದೆಂದು ಇಬ್ಬರ ವಿರೋಧದೊಡನೆ ತೀರ್ಮಾನವಾಯಿತು. ದೊಡ್ಡ ಮೊತ್ತವೇನಲ್ಲ. ಹಣವನ್ನು ಕಳುಹಿಸಿದಾಗ ಅವಳು ಬೇಡವೆನ್ನುವಳೋ ಎಂದು ನನಗೆ ಒಳಗೊಳಗೇ ಹೆದರಿಕೆಯಿತ್ತು. ಅವಳು ಬೇಡವೆನ್ನಲಿಲ್ಲ. ಮರುದಿನವೇ ರಸೀದಿ ಬಂತು. ಅದರಲ್ಲಿ, “ಮುಖಪುಟದ ಚಿತ್ರ ಒಂದು, ಹನ್ನೊಂದು ದಿನದ ಕೆಲಸ” ಎಂದು ಬರೆದಿದ್ದಳು. ಹನ್ನೊಂದು ದಿನವೆಂಬದು ಅದುವರೆಗೆ ನಮ್ಮ ಸಮಿತಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.